ಗೋಡೆಯ ಗಣತಿ

ದೋಣಿ ಇಳಿಯುವಾಗಲೇ ಮಾರ್ಸಲಿ ಹೇಳಿದ್ದಳು:
ಕಾಲಿಟ್ಟ ಕಲ್ಲು ಅಲುಗಿದರೆ ಅಲ್ಲೇ ನಿಲ್ಲಿ,
ಒಳಗೆ ಬಾಣಂತಿಯರಿದ್ದಾರೆ.

ಸೂರಿಲ್ಲದ ಹನ್ನೊಂದು ಮನೆ.
ಒಲೆಯಿದ್ದಲ್ಲಿ ತುರಚೆ. ಗೋಡೆ
ಒಂದು ಮೊಣಕಾಲೆತ್ತರ, ಒಂದು ಎದೆಯೆತ್ತರ.
ಅದರ ಸಂದುಗಳಲ್ಲಿ
ಗುಬ್ಬಿಗಿಂತ ತುಸುವೇ ದೊಡ್ಡ ಕಡಲಹಕ್ಕಿ,
ಹಗಲೆಲ್ಲ ಒಂದೇ ಮೊಟ್ಟೆಯ ಮೇಲೆ.
ನೋಡಲು ಸಿಗುವುದಿಲ್ಲ, ಅಂದಳು. ಕೇಳಬೇಕು.

ಅಂಗೈಯಗಲದ ಸ್ಪೀಕರನ್ನು
ಸಂದಿಗೆ ಹಿಡಿದು ಗುಂಡಿ ಒತ್ತಿದಳು:
ಹಕ್ಕಿಯದೇ ಕೂಗು,
ಗುರುಗುಟ್ಟಿ ಗುರುಗುಟ್ಟಿ ಕೊನೆಗೊಂದು ಬಿಕ್ಕಳಿಕೆ.
ಹತ್ತು ಎಣಿಸುವಷ್ಟು ಹೊತ್ತು ಯಾರೂ ಉಸಿರಾಡಲಿಲ್ಲ.
ಗೋಡೆ ಓಗೊಟ್ಟಿತು.

ಎರಡನೆಯ ಸಂದು, ಅಲ್ಲೂ.
ಮೂರು, ನಾಲ್ಕು, ಐದು: ಬರೀ ಗಾಳಿ.
ಪಟ್ಟಿಯಲ್ಲಿ ಅವಳು ಸೊನ್ನೆ ಬರೆಯಲಿಲ್ಲ,
ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಳು.
ಇದ್ದೂ ಮಾತಾಡದವು ಇರುತ್ತವೆ;
ಅದಕ್ಕೇ, ಕೇಳಿಸಿದ್ದನ್ನು ಎರಡೂವರೆಯಿಂದ
ಗುಣಿಸುವುದು ನಮ್ಮ ಪದ್ಧತಿ.

ದೋಣಿಯ ಟೊರ್ಕಿಲ್, ಅಷ್ಟು ಹೊತ್ತೂ
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹೀರುತ್ತಿದ್ದವನು,
'ಮನುಷ್ಯರನ್ನೂ ಹೀಗೇ ಎಣಿಸುತ್ತೀರಾ?' ಎಂದ.
ಮಾರ್ಸಲಿಗೆ ಕೇಳಿಸಲಿಲ್ಲವೋ ಏನೋ.

ಏಳನೆಯ ಮನೆ ಅವನ ಅಜ್ಜಿ ಹುಟ್ಟಿದ್ದು.
ನಾವೆಲ್ಲ ಒಳಗೆ, ಅವನು ಹೊಸ್ತಿಲಾಚೆ.
ಬನ್ನಿ ಅಂದರೆ
'ಮನೆಯವರು ಯಾರೂ ಕರೆದಿಲ್ಲವಲ್ಲ' ಎಂದು
ನಕ್ಕು, ಕೆಳಗಿನ ಸೀಲ್‌ಗಳ ಕಡೆ ತಿರುಗಿದ.

ಮಾರ್ಸಲಿ ಗುಂಡಿ ಒತ್ತಿದಳು.
ಒಲೆಯ ಹಿಂದಿನಿಂದ ಯಾರೋ
ಗುರುಗುಟ್ಟಿ, ಬಿಕ್ಕಿದರು.

ಟೊರ್ಕಿಲ್ ಟೋಪಿ ತೆಗೆದ.
ಬಾಗಿಲ ಮೇಲಿನ ತೊಲೆ ಬಿದ್ದು ಎಷ್ಟು ಕಾಲವಾಯಿತೋ,
ಆದರೂ ತಲೆ ಬಗ್ಗಿಸಿಯೇ
ಒಳಗೆ ಬಂದ.