ಡಬ್ಬದೊಳಗಿನ ಪದ

ಗುರುವಾರ ಮೂರೂಮುಕ್ಕಾಲಕ್ಕೆ ಮಂಜೇಶ್ವರದ
ಆರೋಗ್ಯ ಕೇಂದ್ರದ ಮಾಳಿಗೆಯಲ್ಲಿ ನಾವು ಆರು ಜನ.
ಕೆಳಗೆ ಕೂಸುಗಳು ಚುಚ್ಚುಮದ್ದಿಗೆ ಅಳುತ್ತವೆ
ಗಟ್ಟಿಯಾಗಿ, ಯಾರ ಅಪ್ಪಣೆಯನ್ನೂ ಕೇಳದೆ.
ನಮಗದು ಮರೆತುಹೋಗಿದೆ.
ಮಾರ್ಚಿನ ಸೆಕೆಗೂ ನಮ್ಮದು ಉದ್ದ ತೋಳಿನ ಅಂಗಿ.

ಜಸಿಂತಾ ಮೇಡಂ ತೋಳಿನ ವಿಷಯ ಎತ್ತುವುದಿಲ್ಲ.
ಫ್ಯಾನಿನಡಿಯ ಕುರ್ಚಿ ಇವತ್ತು ಯಾರಿಗೆ,
ಅಷ್ಟೇ ಕೇಳುತ್ತಾರೆ.
ಮೊದಲ ದಿನ ಎಲ್ಲರ ಬಾಯಲ್ಲಿ ಒಂದೇ ಪದ:
ನಾನು ಬೇಜಾರು ಅಂದೆ, ಚೈತ್ರಿಕಾ ತುಳುವಿನಲ್ಲಿ ಬೇಜಾರ್,
ಸಿನಾನ್ ಮಲಯಾಳದಲ್ಲಿ ಅದನ್ನೇ,
ಲವಿಟಾ ಕೊಂಕಣಿಯ ಬಾಲ ಸೇರಿಸಿ ಬೆಜಾರಾಯ್.
ಉಳಿದಿಬ್ಬರು ಬರೀ ತಲೆಯಾಡಿಸಿದರು.
ಬೋರ್ಡಿನ ಭಾಷೆಗಾಗಿ ಜಗಳವಾಡುವ ದೊಡ್ಡವರು
ಇಲ್ಲೊಮ್ಮೆ ಬಂದು ಕೂರಬೇಕಿತ್ತು.

ಮೇಡಂ ಆ ಪದವನ್ನು ಚೀಟಿಯಲ್ಲಿ ಬರೆದು
ಹತ್ತಿಯ ಡಬ್ಬಕ್ಕೆ ಹಾಕಿ ಮುಚ್ಚಿದರು.
"ಇನ್ನು ಇದು ಬೇಡ. ಇದರ ಅಡಿಯಲ್ಲಿ ಏನುಂಟು,
ಅದನ್ನು ಹೇಳಿ."

ಎರಡು ವಾರ ಫ್ಯಾನು ನೋಡಿದೆವು.
ಮೂರನೆಯ ವಾರ ಚೈತ್ರಿಕಾ, ಮೆಲ್ಲಗೆ: "ಪೋಡಿಗೆ."
ಹೆದರಿಕೆ ಎಂದರ್ಥ. ಸಿನಾನನಿಗೆ ಕೇಳಿಸಿದ್ದು ಪೋಡಿ.
"ಮೆಣಸಿನದ್ದಾ? ಎಲ್ಲಿ?"
ಅವಳು ನಕ್ಕಳು, ನಗುತ್ತ ಅತ್ತಳು, ಅಳುತ್ತಲೇ ಹೇಳಿದಳು
ಅಪ್ಪನ ಸ್ಕೂಟರಿನ ಸದ್ದು ಗೇಟಿಗೆ ಮುಟ್ಟಿದಾಗ
ಹೊಟ್ಟೆಯೊಳಗೆ ಏನಾಗುತ್ತದೆ ಎಂದು.

ನನ್ನದು ಹೆದರಿಕೆಯಲ್ಲ. ಸಿಟ್ಟು.
ಅಮ್ಮ ಬೀಡಿ ಕಟ್ಟುತ್ತ, ತಲೆಯೆತ್ತದೆ,
"ನಿನಗೇನು ಕಡಿಮೆಯಾಗಿದೆ?" ಅನ್ನುವಾಗ ಬರುವಂಥದು.
ಅಷ್ಟು ಸಣ್ಣದು. ಹೇಳಲಿಕ್ಕೇ ನಾಚಿಕೆ.
ನಾಚಿಕೆ ಅಂದೆನಾ? ಅದೂ ಒಂದು. ಬರೆದುಕೊಳ್ಳಿ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಸಿನಾನನ ಫೋನು.
ಪದವಿಲ್ಲ, ಬರೀ ಉಸಿರು.
ಮೇಡಂ ಹೇಳಿಕೊಟ್ಟಿದ್ದನ್ನೇ ಹೇಳಿದೆ: ಐಸು ಹಿಡಿ.
"ಬಂಗುಡೆಗೆ ಹಾಕಿದ ಐಸು ಮಾತ್ರ ಇರುವುದು."
ಹಿಡಿ ಮಾರಾಯ.
ಹಿಡಿದ. ಅದು ಕರಗುವವರೆಗೆ
ಈ ಕಡೆ ನಾನು, ಆ ಕಡೆ ಅವನು,
ನಡುವೆ ಸಿಂಕಿಗೆ ಬೀಳುವ ಒಂದೊಂದು ಹನಿ.
ಬಹಳ ಹೊತ್ತಾದ ಮೇಲೆ, "ಕೈ ಮೀನು ನಾರುತ್ತಿದೆ" ಅಂದ.
ಇಬ್ಬರಿಗೂ ನಗು ಬಂತು, ಪೂರ್ತಿ ಅಲ್ಲ.

ಈಗ ಉಮ್ಮನನ್ನು ಎಬ್ಬಿಸು, ಅಂದೆ.
"ಎಬ್ಬಿಸಿ ಏನೆನ್ನಲಿ?"
ಬೇಜಾರು ಅಂತ ಶುರು ಮಾಡು.
ಅವರಿಗೂ ಗೊತ್ತಿರುವ ಪದ ಅದೊಂದೇ.
ಡಬ್ಬದ ಮುಚ್ಚಳ ಒಂದು ರಾತ್ರಿಗೆ ತೆಗೆದದ್ದಕ್ಕೆ
ಮೇಡಂ ಏನೂ ಹೇಳಲಿಕ್ಕಿಲ್ಲ.