ಕಪ್ಪು ಬಿಡಬೇಕು

ಚೌಬಾರದಿಂದ ಎಡಕ್ಕ ಮೂರನೇ ಅಂಗಡಿ ನಮ್ಮದು.
ಹೂಜಿ, ಡಬ್ಬಿ, ಯಾರೂ ಸೇದದ ಹುಕ್ಕಾದ ಬುಡ.
ಐದಕ್ಕ ಕರೆಂಟು ಹೋತಂದ್ರ ಪಾಲಿಶ್ ಚಕ್ರ ನಿಲ್ತದ,
ಜಗಳ ಸುರು ಆಗ್ತದ:
ಮರಿ ಹಿಡಿಯೋ ಆಟದಾಗ ಯಾವುದು ಖರೇ ಆಟ,
ಮೊದಲನೇದೋ, ಈಗ ಬಂದ ಒಂಬತ್ತನೇದೋ.

ನಾ ಮೊದಲನೇದರ ಕಡೆಯಾಂವ.
ಬೂದಿ ಬಣ್ಣದ ಡಬ್ಬಿ, ನಾಲ್ಕು ಸೆಲ್ಲು,
ಹೈದರಾಬಾದಿನ ಜುಮ್ಮೆರಾತ್ ಬಜಾರಿನಿಂದ ಮಾಮಾ ತಂದದ್ದು.
ಅದರಾಗ ಒಂದು ಗವಿ ಇತ್ತು, ದೀಪ ಇಲ್ಲದ್ದು.
ಗ್ವಾಡಿಗೆ ಹಾಯ್ದರ ಟುಕ್ ಅಂತಿತ್ತು,
ಆ ಟುಕ್ಕಿನ ಮ್ಯಾಲೇ ದಾರಿ ಲೆಕ್ಕ:
ಎಡಕ್ಕ ಏಳು ಹೆಜ್ಜಿ, ಟುಕ್, ಕೆಳಗ ಮೂರು, ಟುಕ್.
ಬಾವಲಿ ಅಡ್ಡ ಬಂದರ ಲೆಕ್ಕ ತಪ್ಪತಿತ್ತು.
ಈಗಿನದರಾಗ ನೆಲದ ಮ್ಯಾಲ ಬಾಣದ ಗುರುತು,
ಸೋಲೋಕಿಂತ ಮೊದಲೇ ಯಾರೋ ಬಂದು
ಗಾಯಕ್ಕ ಔಷಧ ಹಚ್ಚಿ, ಶಾಬಾಸ್ ಅಂದು ಹೋಗ್ತಾರ.
"ಇದು ಆಟಲ್ಲ, ಬೀಗರ ಮನಿ ಊಟ" ಅಂದೆ.

ಇಮ್ರೋಜ್ ಐದನೇದರ ಭಕ್ತ. ಅವನ ಸಿಟ್ಟೆಲ್ಲ ಪಾಲಿನ ಮ್ಯಾಲ:
"ಒಂದು ಮರಿ ಕಾದಾಡ್ತದ, ಉಳಿದ ಐದು
ಚೀಲದಾಗ ಮಲಗಿರ್ತಾವ. ಗೆದ್ದ ಮ್ಯಾಲ
ಆರಕ್ಕೂ ಸಮ ಅನುಭವ. ಇದ್ಯಾವ ನ್ಯಾಯ?
ತಾರ ಕೂಡಿಸಾಂವ ನಾ, ಪಗಾರ ಇಡೀ ಓಣಿಗಾ?"

ಜೆಮಿಮಾ, ಮಿಶನ್ ದವಾಖಾನಿ ನರ್ಸಮ್ಮನ ಮಗಳು,
ಪಿಯುಸಿ ಮುಗಿಸಿ ಕೆತ್ತನಿ ಕಲಿಲಿಕ್ಕ ಬಂದಾಕಿ.
"ಸರಳ ಆಗ್ಯದ ಅಂತ ಅಳಬ್ಯಾಡ್ರಿ ಅಣ್ಣಾ,
ನಿಯಮ ನೀವೇ ಹಾಕ್ಕೋರಿ" ಅಂದಳು.
ಆಕಿಯವು ಎರಡು: ಹಿಡಿದದ್ದಕ್ಕೆಲ್ಲ ಹೆಸರಿಡಬೇಕು,
ಬಿದ್ದದ್ದನ್ನ ಮತ್ತ ಎಬ್ಬಿಸಬಾರದು.
ನಮ್ಮ ಉದ್ರಿ ವಹಿಯ ಕಡೀ ಹಾಳಿಯಾಗ ಬರದಾಳ:
ಪಾಪಡಿ, ಹದಿನಾಲ್ಕನೇ ಹಂತ, ನದಿ ದಂಡಿ.
ಕಂದೀಲು, ಇಪ್ಪತ್ತೆರಡು, ನನ್ನ ಅವಸರ.
ಸಣ್ಣ ಜಾನಪ್ಪ, ಮೂವತ್ತೊಂದು, ವಿಷ. ಔಷಧ ಇತ್ತು, ಮರೆತೆ.
ಲೆಕ್ಕ ನೋಡಲಿಕ್ಕ ಬಂದ ಸೇಠ್ ಕೇಳಿದ,
ಇವರ ಬಾಕಿ ಎಷ್ಟು?

ಉಸ್ತಾದ್ ಮಕಬೂಲ ಸಾಬರು ಒಮ್ಮೆಯೂ ಆಡಿದವರಲ್ಲ.
ಪರದೆ ಕಣ್ಣಿಗೆ ಹತ್ರ ಹಿಡಿದು ಕೇಳಿದರು: ಇದೇನು?
ಇಮ್ರೋಜನ ಮರಿ, ಮೂರನೇ ರೂಪ.
ಹೆಗಲಿಗೆ ಮುಳ್ಳು, ಮುಳ್ಳಿಗೆ ಬೆಂಕಿ, ಬೆಂಕಿಗೆ ಪಟ್ಟಿ,
ಸೊಂಟದಾಗ ಯಾತಕ್ಕೋ ಒಂದು ಗಡಿಯಾರ.
"ಹುಟ್ಟಿದಾಗ ಹೆಂಗಿತ್ತು, ತೋರ್ಸು."
ಎರಡು ಕಿವಿ, ಒಂದು ಬಾಲ, ದುಂಡನ್ನ ಹೊಟ್ಟಿ.
"ಇದನ್ನ ಕಣ್ಣು ಮುಚ್ಚಿ ಗೀಚಬಹುದು.
ಅದನ್ನ ಮಾಡಿದಾಂವಗ ಕೈ ನಿಲ್ಲಿಸಲಿಕ್ಕ ಬಂದಿಲ್ಲ.
ಕಪ್ಪು ಬಿಡಬೇಕು ಬೇಟಾ. ಎಲ್ಲಾ ಬೆಳ್ಳಿನೇ ತುಂಬಿದರ
ಹೂವು ಎಲ್ಲಿ ಕಾಣ್ತದ?"
ಕೋಟೆ ಮಣ್ಣು ಚಿಟಿಕಿ ನಾಲಿಗಿ ಮ್ಯಾಲಿಟ್ಟು ನೋಡಿ, ಉಗುಳಿ,
ಪಾಲಿನ ಜಗಳಕ್ಕೂ ಒಂದು ಮಾತು ಹಾಕಿದರು:
"ಅಬ್ಬಾ ಕೆತ್ತುವಾಗ ನಾ ಎರಡು ವರ್ಷ
ಬರೇ ಇದ್ದಲಿ ಊದಿದೆ. ಉಳಿ ಹಿಡಿದ ದಿನ
ಕೈಗೆ ಅರ್ಧ ಗೊತ್ತಿತ್ತು."
"ಅರ್ಧ ಅಂದ್ರಿ, ಪೂರಾ ಅಲ್ಲ" ಅಂದ ಇಮ್ರೋಜ್, ಬಿಡಲಿಲ್ಲ.

ನಾ ಸುಮ್ಮನಾದೆ.
ಇಪ್ಪತ್ತು ವರ್ಷದಿಂದ ಹೇಳಿಕೋತ ಬಂದೀನಲ್ಲ,
ಆ ಗವಿ ನಾ ದಾಟಿಲ್ಲ.
ಏಳು, ಟುಕ್, ಮೂರು, ಟುಕ್ ಅನ್ಕೋತ ನಿದ್ದಿ ಹೋಗಿದ್ದೆ.
ಅಕ್ಕ ಶಕೀಲಾ, ಡಬ್ಬಿ ಮುಟ್ಟಬ್ಯಾಡ ಅಂತ
ದಿನಾ ನನ್ನ ಕಡೆ ಬೈಸಿಕೊಂಡಾಕಿ,
ಮಗ್ಗುಲಿಗೆ ಕೂತು ಬರೇ ನೋಡಿಕೋತ ಇದ್ದಾಕಿ,
ಆ ರಾತ್ರಿ ಕೌದಿ ಒಳಗ ನನ್ನ ಲೆಕ್ಕ ಹಿಡಿದು
ದಾಟಿಸಿ, ಉಳಿಸಿ, ಸೆಲ್ಲು ತೆಗೆದಿಟ್ಟಿದ್ದಳು.
ಮುಂಜಾನೆ ನೋಡಿದರ ನನ್ನ ಹುಡುಗ
ಆ ಕಡೆ ಬೆಳಕಿನಾಗ ನಿಂತಿದ್ದ.
ನಾನೇ ದಾಟಿದೆ ಅಂದೆ. ಆಕಿ ಹೂಂ ಅಂದಳು.

ಜೆಮಿಮಾ ಕೇಳಿದಳು: "ಅಕ್ಕ ಈಗ ಎಲ್ಲಿ?"
ಹುಮನಾಬಾದದಾಗ, ಹೊಲಿಗಿ ಮಷೀನು ಇಟ್ಟಾಳ.
"ಫೋನ್ ಹಚ್ರಿ. ಎಷ್ಟನೇ ಟುಕ್ಕಿಗೆ ಬಾಗಿಲಿತ್ತು, ಕೇಳ್ರಿ."
ಅಷ್ಟರಾಗ ಕರೆಂಟು ಬಂತು.