ನೆರೆ

ಲಿಂಕನ್‌ಶೈರಿನ ತಗ್ಗು ಬಯಲು; ಕಡಲಿಗಿಂತ ಮೊಳ ಕೆಳಗೆ.
ಕಾಲುವೆ, ಸಕ್ಕರೆ ಬೀಟಿನ ಹೊಲ, ಮತ್ತೆ ಕಾಲುವೆ.
ಮಂಗಳವಾರ, ಶುಕ್ರವಾರ ನನ್ನ ಚಿಕ್ಕ ಕಾರು
ಓಬೆಡ್ ಥರ್ಕೆಲ್ಲನ ಬಾಗಿಲಲ್ಲಿ.
ವಯಸ್ಸು ತೊಂಬತ್ತೊಂದು, ಬೆರಳು ಎಂಟೂವರೆ.
ಕಾಲಿನ ಹುಣ್ಣಿಗೆ ನಾನು ಪಟ್ಟಿ ಸುತ್ತುವಾಗ
ಅವನು ತನ್ನ ನುಡಿಯ ಹಳೇ ಗಂಟು ಬಿಚ್ಚುತ್ತಾನೆ.

"ಮೊದಲು ಇದ್ದದ್ದು ನೈ.
ನೈ ಅಂದರೆ ಹತ್ತಿರ, ಅಷ್ಟೇ.
ನಿಯರ್ ಅಂದರೆ ಇನ್ನೂ ಹತ್ತಿರ.
ನೆಕ್ಸ್ಟ್ ಅಂದರೆ ಎಲ್ಲಕ್ಕಿಂತ ಹತ್ತಿರ.
ಮೂವರು ಅಣ್ಣತಮ್ಮಂದಿರು. ಹಿರಿಯ ಸೊರಗಿ ಮೂಲೆ ಸೇರಿದ,
ನಡುವಿನವನು ಯಜಮಾನನಾದ,
ಕಿರಿಯ ಸಾಲಿನ ತುದಿಗೆ ನಿಂತ,
ಮುಂದಿನವರು ಬನ್ನಿ ಎಂದು ಕೂಗಿಕೊಂಡು."
ಯಾರು ಹೇಳಿದರು? ಶಾಲೆಯ ಮಿಸ್ ಪಿಂಚ್‌ಬೆಕ್.
ಬೆತ್ತ ಹಿಡಿದೇ ಹೇಳಿದ್ದಳು, ಮರೆಯುವುದುಂಟೆ?

"ಈಗ ನೈ ಎಂದರೆ ಪ್ರಳಯ ಮಾತ್ರ.
ಸಂತೆಯಲ್ಲಿ ಒಬ್ಬ ಹಲಗೆ ಹೊತ್ತು ನಿಲ್ಲುತ್ತಿದ್ದ, ಅಂತ್ಯ ಹತ್ತಿರ ಅಂತ.
ಅವನೇ ಸತ್ತು ನಲವತ್ತು ವರ್ಷ."

ಉಳುವಾಗ ಎಡಗೋಲಿನ ಕುದುರೆಗೂ ನಿಯರ್ ಎಂದೇ ಹೆಸರಂತೆ;
ಮನುಷ್ಯ ಅದರ ಮಗ್ಗುಲಲ್ಲಿ ನಡೆಯುತ್ತಾನಲ್ಲ.
ಬಲದ್ದು ಆಫ್. ಆಚೆಯದು.
ಎಡದ್ದು ಸತ್ತ ಮೇಲೆ
ಆಚೆಯದು ಎಷ್ಟು ದಿನ ವಾಲಿ ನಡೆಯಿತು ಖಾಲಿಯ ಕಡೆಗೆ,
ಅದನ್ನವನು ಹೇಳುವುದಿಲ್ಲ, ಅಂಗೈ ವಾಲಿಸಿ ತೋರಿಸುತ್ತಾನೆ.

ನಾನೂ ನಮ್ಮ ಕಡೆಯ ಮಾತೊಂದು ಕೊಟ್ಟೆ: ನೆರೆ.
ಪಕ್ಕದ ಮನೆಗೂ ಅದೇ, ಉಕ್ಕಿ ಬರುವ ನೀರಿಗೂ ಅದೇ,
ತಲೆ ಬೆಳ್ಳಗಾದರೂ ಅದೇ.
ಬಹಳ ಹೊತ್ತು ನಕ್ಕ. ಆಮೇಲೆ ಗೋಡೆ ನೋಡಿದ.

ಗೋಡೆಯಾಚೆ ಮೇವಿಸ್ ಸ್ಟೆನೆಟ್.
ಒಂದು ಚರಂಡಿಯ ಜಗಳಕ್ಕೆ ಇಪ್ಪತ್ತಾರು ವರ್ಷ ಮಾತಿಲ್ಲ.
ಒಡ್ಡು ಒಡೆದ ರಾತ್ರಿ ಮಾತ್ರ
ಅವಳ ಮಹಡಿಯಲ್ಲಿ, ಒಂದೇ ಕಂಬಳಿಯ ಎರಡು ತುದಿಗೆ,
ಬೆಳಗಿನವರೆಗೆ ಕೂತಿದ್ದರಂತೆ. ಆಗಲೂ ಮಾತಿಲ್ಲ.
"ಟೀ ಇತ್ತು," ಅನ್ನುತ್ತಾನೆ.

ನವೆಂಬರಿನಲ್ಲಿ ಆಸ್ಪತ್ರೆಗೆ ಸೇರಿಸುವಾಗ
ಅರ್ಜಿ ತುಂಬಿದ್ದು ನಾನೇ.
ನೆಕ್ಸ್ಟ್ ಆಫ್ ಕಿನ್? ಅತಿ ಹತ್ತಿರದ ಬಂಧು ಯಾರು?
ಆಸ್ಟ್ರೇಲಿಯಾದ ತಂಗಿಯ ಮಗನ ಹೆಸರು ಬರೆಯಹೊರಟೆ.
ಪೆನ್ನು ಕಿತ್ತುಕೊಂಡ.
ಅರ್ಧ ಬೆರಳಿನ ಕೈ, ಅವಳ ಹೆಸರಿಗೆ ನಾಲ್ಕು ನಿಮಿಷ ಹಿಡಿಯಿತು.
ಸಂಬಂಧ ಎಂಬ ಖಾನೆಯ ಮುಂದೆ ನಿಂತುಬಿಟ್ಟ.
"ಇದನ್ನು ನಿನ್ನ ಭಾಷೆಯಲ್ಲಿ ಬರಿ," ಅಂದ.

ಬರೆದೆ, ಎರಡೇ ಅಕ್ಷರ.
ಕೌಂಟರಿನ ಹುಡುಗಿ ಹಾಳೆ ಓರೆಮಾಡಿ ನೋಡಿ
ಇದು ಸಹಿಯೇ ಎಂದು ಕೇಳಿದಳು.